ಕುರುಕಲು ಬಾಯಿಗೆ ಗಂಜಿ

ನಮ್ಮ ಸಂಘದ 2024ರ ದೀಪಾವಳಿ ಕೂಟದಲ್ಲಿ ನಾನು ಒಂದು ಸುಳ್ಳು ಹೇಳಿದೆ. ಒಂದೇ ಸುಳ್ಳು, ಆದರೆ ಏಳೆಂಟು ಜನರಿಗೆ. "ಏನ್ರೀ ಇದು, ಗುರುತೇ ಸಿಗದ ಹಾಗೆ ಇಳಿದುಹೋಗಿದ್ದೀರಲ್ಲ! ಏನು ಮಾಡಿದಿರಿ?" ಎಂದು ಕೇಳಿದವರಿಗೆಲ್ಲ, "ಏನಿಲ್ಲ, ದಿನಾ ಸಂಜೆ ಕಾರ್ಟರ್ ರೋಡಿನಲ್ಲಿ ಒಂದು ತಾಸು ನಡೆಯುತ್ತೇನೆ, ಸಕ್ಕರೆ ಬಿಟ್ಟಿದ್ದೇನೆ" ಎಂದೆ. ನಡೆಯುವುದೂ ನಿಜ, ಸಕ್ಕರೆ ಬಿಟ್ಟದ್ದೂ ನಿಜ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಊಟವಾದ ಮೇಲೆ ಕೈತೊಳೆಯುವ ನಲ್ಲಿಯ ಬಳಿ ಒಬ್ಬ ಹುಡುಗಿ ನನ್ನನ್ನು ತಡೆದಳು. ನಿಮ್ಮಲ್ಲೇ ಒಬ್ಬಳು, ಹೆಸರು ಬೇಡ. "ಆಂಟಿ, ನಿಮ್ಮ ತಟ್ಟೆ ನೋಡಿದೆ. ಅರ್ಧ ಇಡ್ಲಿ, ಒಂದು ಸೌಟು ತೊವ್ವೆ. ಅದಕ್ಕೆ ಅರ್ಧ ಗಂಟೆ ತಗೊಂಡ್ರಿ. ನೀರೂ ಕುಡೀಲಿಲ್ಲ. ನಿಮಗೆ ಆಪರೇಷನ್ ಆಗಿದೆ ಅಲ್ವಾ? ನನ್ನ ಮಮ್ಮಿಗೂ ಡಾಕ್ಟರ್ ಹೇಳಿದ್ದಾರೆ. ಅವಳು ಮೆತ್ತಗಿನದ್ದು ಏನೂ ತಿನ್ನಲ್ಲ. ಆಮೇಲೆ ಏನು ಮಾಡ್ತಾಳೆ ಅಂತ ನನಗೆ ಹೆದರಿಕೆ" ಎಂದಳು. ನಾನು ಸುತ್ತ ನೋಡಿ, "ಹೌದಮ್ಮ" ಎಂದೆ. ಅಷ್ಟರಲ್ಲಿ ಯಾರೋ ಬಂದರು, ಮಾತು ನಿಂತಿತು.

ಆ ನಲ್ಲಿಯ ಬಳಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಕನ್ನಡ ಓದುವುದು ನಿಧಾನವಾಗಬಹುದು. ಪರವಾಗಿಲ್ಲ, ಇದು ನಿಧಾನವಾಗಿ ತಿನ್ನುವುದನ್ನು ಕಲಿತವಳ ಕಥೆ, ನಿಧಾನವಾಗಿಯೇ ಓದಿ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ರಾತ್ರಿ ಉಳಿದರೆ ಅದೇ ಗಂಜಿ. ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ, ಇಲ್ಲವೆ ಒಣಮೀನಿನ ಚಟ್ನಿ. ಮನೆಯವರೆಲ್ಲ ಸೊರ್ರೆಂದು ಸುರಿದುಕೊಂಡು ಉಣ್ಣುತ್ತಿದ್ದರೆ ನನಗೆ ಹೊಟ್ಟೆ ತೊಳಸುತ್ತಿತ್ತು. ಗಂಜಿ ಮಾತ್ರವಲ್ಲ, ಬಾಯಲ್ಲಿ ಮೆತ್ತಗೆ ಜಾರುವ ಯಾವುದೂ ನನಗಾಗದು. ಮೊಸರನ್ನ, ಸಾಬಕ್ಕಿ ಪಾಯಸ, ಬೆಂದ ಚೀನಿಕಾಯಿ, ಬಸಳೆ, ಕಳಿತ ಬಾಳೆಹಣ್ಣು, ಉಪ್ಪಿಟ್ಟು ಎಲ್ಲವೂ ನನ್ನ ಬಹಿಷ್ಕಾರದ ಪಟ್ಟಿಯಲ್ಲಿದ್ದವು. ನನಗೆ ಬೇಕಾದದ್ದು ಹಲ್ಲಿಗೆ ಸಿಕ್ಕಿ ಸದ್ದು ಮಾಡುವಂಥದ್ದು: ಹಲಸಿನ ಹಪ್ಪಳ, ಸಂಡಿಗೆ, ಚಕ್ಕುಲಿ, ದೋಸೆಯಾದರೆ ಅದರ ಕೆಂಪಗಿನ ಅಂಚು. ಮೀನಾದರೆ ಸಾರಿನದ್ದಲ್ಲ, ರವೆ ಹಚ್ಚಿ ಕಾವಲಿಯ ಮೇಲೆ ಗರಿಗರಿಯಾಗಿ ಹುರಿದದ್ದು. "ಇವಳದ್ದು ಬಾಯಲ್ಲ, ಭತ್ತ ಕುಟ್ಟುವ ಒನಕೆ" ಎಂದು ಅಜ್ಜಿ ನಗುತ್ತಿದ್ದರು. ನಗುತ್ತಲೇ ಎರಡು ಹಪ್ಪಳ ಸುಟ್ಟು ಕೊಡುತ್ತಿದ್ದರು. ಅಲ್ಲಿಯೇ ನಾನು ಕೆಟ್ಟದ್ದು ಎಂದು ಈಗ ಅನ್ನಿಸುತ್ತದೆ. ಆದರೆ ಅಜ್ಜಿಯ ಮೇಲೆ ತಪ್ಪು ಹೊರಿಸಲು ಮನಸ್ಸಾಗುವುದಿಲ್ಲ.

ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಓದಿದೆ. ಡಿಕನ್ಸನ ಆಲಿವರ್ ಟ್ವಿಸ್ಟ್ ಕಾದಂಬರಿಯಲ್ಲಿ ಆ ಅನಾಥ ಹುಡುಗ ಬಟ್ಟಲು ಹಿಡಿದು ಇನ್ನಷ್ಟು ಗ್ರುಯೆಲ್ ಕೊಡಿ ಎಂದು ಕೇಳುತ್ತಾನಲ್ಲ, ಅದನ್ನು ಓದುವಾಗ ಗ್ರುಯೆಲ್ ಎಂದರೇನು ಎಂಬ ಪ್ರಶ್ನೆ ಬಂತು. "ನಮ್ಮ ಗಂಜಿಯೇ, ಓಟ್ಸಿನದ್ದು" ಎಂದರು ಅಧ್ಯಾಪಕರು. ತರಗತಿಗೆ ತರಗತಿಯೇ ನಕ್ಕಿತು. ನನಗೆ ಮಾತ್ರ ಆ ಹುಡುಗನ ಹಸಿವು ಅರ್ಥವಾಗಲಿಲ್ಲ. ಗಂಜಿ ಸಾಲದೆಂದು ಇನ್ನೂ ಕೇಳಿದನಲ್ಲ, ಇವನಿಗೇನು ಹುಚ್ಚೇ ಎಂದುಕೊಂಡೆ. ಜೇನ್ ಆಸ್ಟಿನ್‌ಳ ಎಮ್ಮಾ ಕಾದಂಬರಿಯಲ್ಲಿ ನಾಯಕಿಯ ತಂದೆ ಮನೆಗೆ ಬಂದವರಿಗೆಲ್ಲ ಗಂಜಿಯೇ ಒಳ್ಳೆಯದೆಂದು ಒತ್ತಾಯ ಮಾಡುತ್ತಾನೆ. ಅವನೂ ನನಗೆ ಹಾಸ್ಯದ ಪಾತ್ರವಾಗಿಯೇ ಕಂಡ. ಪದವಿ ಪಡೆದದ್ದು ಇಷ್ಟಕ್ಕೇ.

1991ರಲ್ಲಿ ಮದುವೆಯಾಗಿ ಬಾಂದ್ರಾಕ್ಕೆ ಬಂದೆ. ಬಜಾರ್ ರೋಡಿನ ಕಡೆ ಒಂದು ಹಳೆಯ ಕಟ್ಟಡದ ಎರಡನೇ ಮಹಡಿ, ಲಿಫ್ಟ್ ಇಲ್ಲ. ಇವರು ಬ್ಯಾಂಕಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಈ ಊರು ನನ್ನಂಥ ಬಾಯಿಗೆಂದೇ ಕಟ್ಟಿದ್ದೇನೋ ಅನ್ನಿಸಿತು. ಹಿಲ್ ರೋಡಿನ ಎಲ್ಕೋ ಅಂಗಡಿಯ ಸೇವ್ ಪೂರಿ, ಬೇಕರಿಗಳ ಖಾರಿ ಬಿಸ್ಕತ್ತು, ಕಡಕ್ ಟೋಸ್ಟು. ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿ ಜಾತ್ರೆ ಬಂತೆಂದರೆ ಬೆಲ್ಲದ ಪಾಕ ಹಿಡಿದ ಕಡಿಯೊ ಬೊಡಿಯೊ, ಹುರಿಗಡಲೆ. ಮಾಟುಂಗದ ರಾಮ ನಾಯಕರ ಖಾನಾವಳಿ 1942ರಿಂದ ಊಟಕ್ಕೆ ಹೆಸರಾದದ್ದು. ಅಲ್ಲಿಗೆ ಹೋದಾಗಲೂ ನಾನು ಸಾರು, ಪಲ್ಯ ಇವರ ಎಲೆಗೆ ದಾಟಿಸಿ ಹಪ್ಪಳ ಬೇಡುತ್ತಿದ್ದವಳು. ಎರಡು ಹೆರಿಗೆಗಳಾದವು. ಮಕ್ಕಳು ಉಳಿಸಿದ್ದನ್ನು ತಿನ್ನುವ ತಾಯಂದಿರ ಚಾಳಿ ನಿಮಗೆ ಗೊತ್ತೇ ಇದೆ. ಇಡ್ಲಿ ಉಳಿದರೆ ನಾನು ಮುಟ್ಟುತ್ತಿರಲಿಲ್ಲ, ಚಿಪ್ಸ್ ಉಳಿದರೆ ಬಿಡುತ್ತಿರಲಿಲ್ಲ.

ಹೀಗೆ 2022ರ ಹೊತ್ತಿಗೆ ನನಗೆ 53 ವರ್ಷ, ತೂಕ 104 ಕಿಲೋ, ಎತ್ತರ ಐದಡಿ ಒಂದಂಗುಲ. ಹತ್ತು ವರ್ಷದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಕಡೆ ನಿಲ್ಲುವ ಮಂಡಿ. ನನ್ನ ಅಮ್ಮ ಇದೇ ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ಕಳೆದುಕೊಂಡು, ಕೊನೆಗೆ ಮೂತ್ರಪಿಂಡ ಸೋತು, ಅರವತ್ತೊಂದನೆಯ ವಯಸ್ಸಿನಲ್ಲಿ 2004ರಲ್ಲಿ ತೀರಿಕೊಂಡರು. ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು ಆ ಬ್ಯಾಂಡೇಜಿನ ಕಾಲನ್ನು ನೋಡಿದ್ದಾಳೆ. ಡಾಕ್ಟರರು ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ನಾನು ಒಪ್ಪಿದ್ದು ತೆಳ್ಳಗಾಗಿ ಸೀರೆ ಉಟ್ಟು ಮೆರೆಯಲಿಕ್ಕಲ್ಲ.

ದಪ್ಪಗಿರುವವರು ನಾನೊಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಹೆಚ್ಚು ತೂಕದವರು. ಪಟ್ಟಣಗಳಲ್ಲಿ ಮೂವರಲ್ಲಿ ಒಬ್ಬರು. ಹೊಟ್ಟೆಯ ಈ ಬಗೆಯ ಶಸ್ತ್ರಚಿಕಿತ್ಸೆಯೂ ಹೊಸದಲ್ಲ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಜಠರವನ್ನು ಬಳಸಿ ಹೋಗುವ ಬೈಪಾಸ್ ವಿಧಾನವನ್ನು 1966ರಲ್ಲೇ ಮಾಡಿದ್ದರು. ನನಗೆ ಮಾಡಿದ್ದು ಅದಲ್ಲ, ಸ್ಲೀವ್ ಎನ್ನುವ ವಿಧಾನ. ಜಠರದ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆಯಾಗಿ ಹೊಲಿದುಬಿಡುತ್ತಾರೆ. ಕೈಯ ಹೊಲಿಗೆಯಲ್ಲ, ಯಂತ್ರದಿಂದ ಹಾಕುವ ಪುಟ್ಟ ಪುಟ್ಟ ಪಿನ್ನುಗಳು. ಉಳಿದ ಕೊಳವೆಯಲ್ಲಿ ಹಿಡಿಯುವುದು ನೂರು ನೂರೈವತ್ತು ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ. ತೆಗೆದುಹಾಕಿದ ಭಾಗದಲ್ಲೇ ಹಸಿವು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದಂತೆ. ಹಾಗಾಗಿ ಹಸಿವೂ ಕಡಿಮೆಯಾಗುತ್ತದೆ. ವಿಮೆಯವರ ಕಾಗದಪತ್ರದ ಕಥೆ ಬೇರೆಯೇ ಒಂದು ಲೇಖನವಾದೀತು, ಬಿಡಿ.

ಶಸ್ತ್ರಚಿಕಿತ್ಸೆ ಸೆಪ್ಟೆಂಬರ್ ಕೊನೆಯ ವಾರ. ಯಕೃತ್ತು ಕುಗ್ಗಲೆಂದು ಅದಕ್ಕೆ ಮೊದಲೇ ಎರಡು ವಾರ ದ್ರವಾಹಾರ. ಅದನ್ನು ಶುರುಮಾಡುವ ಮುನ್ನ ಜಾತ್ರೆಗೆ ಹೋಗಿಬಂದೆ. ಕೊರೋನಾದಿಂದ ಎರಡು ವರ್ಷ ನಿಂತಿದ್ದ ಜಾತ್ರೆ ಆ ವರ್ಷ ಮತ್ತೆ ಸೇರಿತ್ತು. ಬೆಟ್ಟದ ಮೆಟ್ಟಿಲಿನ ಮೇಲೆ ಕುಳಿತು ಒಂದು ಪೊಟ್ಟಣ ಕಡಿಯೊ ಬೊಡಿಯೊ ಪೂರ್ತಿ ತಿಂದೆ. ಮಗಳು ಪಕ್ಕದಲ್ಲಿ ಕುಳಿತು ಏನೂ ಹೇಳಲಿಲ್ಲ.

ಆಸ್ಪತ್ರೆಯ ನಾಲ್ಕು ದಿನ, ಆಮೇಲಿನ ಎರಡು ವಾರದ ತಿಳಿಸಾರು, ಸೋಸಿದ ಬೇಳೆಕಟ್ಟು, ನೀರುಮಜ್ಜಿಗೆ ಇವೆಲ್ಲ ಅಷ್ಟು ಕಷ್ಟವಾಗಲಿಲ್ಲ. ನೋವು, ಸುಸ್ತು ಇರುವಾಗ ರುಚಿಯ ಯೋಚನೆ ಬರುವುದಿಲ್ಲ. ಕೆಮ್ಮಿನ ಔಷಧದ ಬಾಟಲಿಯೊಡನೆ ಬರುತ್ತದಲ್ಲ ಅಳತೆಯ ಪುಟ್ಟ ಲೋಟ, ಅದರಲ್ಲಿ ಮೂವತ್ತು ಮಿಲಿ ತುಂಬಿ ಕಾಲು ಗಂಟೆಗೆ ಒಮ್ಮೆ ಗುಟುಕರಿಸುವುದು. ಇದು ಔಷಧ ಎಂದು ಮನಸ್ಸಿಗೆ ಹೇಳಿದರೆ ಒಪ್ಪಿಕೊಳ್ಳುತ್ತಿತ್ತು.

ನಿಜವಾದ ಪರೀಕ್ಷೆ ಮೂರನೆಯ, ನಾಲ್ಕನೆಯ ವಾರದ್ದು. ಆಹಾರತಜ್ಞೆ ಅಚ್ಚುಹಾಕಿದ ಒಂದು ಹಾಳೆ ಕೊಟ್ಟಿದ್ದರು. ಮೊದಲು ಮಿಕ್ಸರಿನಲ್ಲಿ ನುಣ್ಣಗೆ ಅರೆದದ್ದು, ಆಮೇಲೆ ಬೆರಳಿನಿಂದ ಹಿಸುಕಿದರೆ ಹಿಸುಕಿಹೋಗುವಂಥ ಮೆದು ಆಹಾರ. ದಲಿಯಾ, ಖಿಚಡಿ, ಓಟ್ಸ್, ಮೊಸರು, ಹಿಸುಕಿದ ಪನೀರ್, ಬೇಯಿಸಿದ ಚೀನಿಕಾಯಿ, ಅರೆಬೆಂದ ಹಾಗೆ ಕಲಕಿದ ಮೊಟ್ಟೆ, ಆವಿಯಲ್ಲಿ ಬೇಯಿಸಿದ ಮೀನು. ನಾನು ಐವತ್ತು ವರ್ಷ ಬೇಡವೆಂದು ತಟ್ಟೆಯ ಅಂಚಿಗೆ ತಳ್ಳಿದ್ದನ್ನೆಲ್ಲ ಯಾರೋ ಕೂಡಿಸಿಟ್ಟು ಪಟ್ಟಿ ಮಾಡಿದ ಹಾಗಿತ್ತು. ಒಂದು ಊಟಕ್ಕೆ ನಾಲ್ಕೈದು ಚಮಚ. ಅದನ್ನು ಇಪ್ಪತ್ತು ಮೂವತ್ತು ನಿಮಿಷ ತಿನ್ನಬೇಕು. ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು. ಉಣ್ಣುವಾಗ ನೀರಿಲ್ಲ, ಉಂಡ ಮೇಲೂ ಅರ್ಧ ಗಂಟೆ ನೀರಿಲ್ಲ. ನೋಡಿ, ಇಷ್ಟವಿಲ್ಲದ್ದನ್ನು ನಾವೆಲ್ಲ ಹೇಗೆ ತಿನ್ನುತ್ತೇವೆ? ಅಗಿಯದೆ ನುಂಗಿ, ಮೇಲೆ ಒಂದು ಲೋಟ ನೀರು ಕುಡಿದು. ಆ ದಾರಿಯೂ ಮುಚ್ಚಿತ್ತು. ಬೇಡದ ತುತ್ತನ್ನು ಬಾಯಲ್ಲಿ ಇಪ್ಪತ್ತು ಸಲ ತಿರುಗಿಸಬೇಕಿತ್ತು.

ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನು ಬೇಕೆಂದರು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಅರ್ಧ ಲೋಟ ಮೊಸರಿನಲ್ಲಿ ಮೂರು ನಾಲ್ಕು ಗ್ರಾಂ. ಲೆಕ್ಕ ಹಾಕಿ ನೋಡಿ, ಒಂದು ಸಣ್ಣ ಲೋಟದಷ್ಟು ಹೊಟ್ಟೆಯಲ್ಲಿ ಅರವತ್ತನ್ನು ಹೇಗೆ ಮುಟ್ಟುವುದು! ಅದಕ್ಕಾಗಿ ವೇ ಪುಡಿ ಕೊಟ್ಟಿದ್ದರು, ವೆನಿಲ್ಲಾ ಪರಿಮಳದ್ದು. ಮೊದಲ ಗುಟುಕಿಗೇ ಸಿಂಕಿಗೆ ಓಡಿದೆ. ಪ್ರೋಟೀನು ಕಡಿಮೆಯಾದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ ಎಂದು ಹೆದರಿಸಿದ್ದರು. ಹೆದರಿಕೆ ಇತ್ತು, ಆದರೆ ಗಂಟಲು ಕೇಳುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ನನಗೆ ಹಸಿವಿರಲಿಲ್ಲ. ಹೊಟ್ಟೆ ಚುರುಗುಟ್ಟುವುದೆಂಬುದು ನಿಂತೇಹೋಗಿತ್ತು. ಆದರೂ ಬಾಯಿ ಬೇಡುತ್ತಿತ್ತು. ದವಡೆ ಸುಮ್ಮನೆ ಆಡುತ್ತಿತ್ತು. ಹೊಟ್ಟೆಯನ್ನು ಸರ್ಜನ್ ಕತ್ತರಿಸಿದ್ದರು, ನಾಲಿಗೆ ಮಾತ್ರ ಕುಂದಾಪುರದ ಒನಕೆಯದ್ದೇ ಉಳಿದಿತ್ತು.

ಆ ವಾರವೇ ದೀಪಾವಳಿ. 2022ರಲ್ಲಿ ಅಕ್ಟೋಬರ್ 24ಕ್ಕೆ ಹಬ್ಬ. ಕಟ್ಟಡದ ಪ್ರತಿ ಅಡುಗೆಮನೆಯಿಂದಲೂ ಕಾದೆಣ್ಣೆಯ ವಾಸನೆ. ಪಕ್ಕದ ಮನೆಯ ಮರಾಠಿ ಬಾಯಿ ಪ್ರತಿವರ್ಷದಂತೆ ಫರಾಳದ ತಟ್ಟೆ ತಂದಿಟ್ಟು ಹೋದರು: ಚಕ್ಕುಲಿ, ಶಂಕರಪಾಳೆ, ಚಿವಡಾ, ಕರಂಜಿ. ನನ್ನ ಶಸ್ತ್ರಚಿಕಿತ್ಸೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಹರ್ನಿಯಾ ಎಂದು ಹೇಳಿದ್ದೆವು. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ತಟ್ಟೆಯ ಮೇಲಿನ ಕ್ರೋಶಾ ಬಟ್ಟೆ ಎತ್ತಿದೆ. ಚಕ್ಕುಲಿಯ ಒಂದು ಸುತ್ತು ಮುರಿದೆ. ಚೆನ್ನಾಗಿ ಅಗಿದು ಉಗುಳಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಹುದು. ಉಗುಳಲಿಲ್ಲ. ಎರಡನೆಯ ಸುತ್ತನ್ನೂ ಮುರಿದೆ.

ಐದು ನಿಮಿಷದಲ್ಲಿ ಎದೆಯ ಮೂಳೆಯ ಹಿಂದೆ ಕಲ್ಲು ಸಿಕ್ಕಿಕೊಂಡ ಹಾಗಾಯಿತು. ಮೇಲೂ ಬಾರದು, ಕೆಳಗೂ ಇಳಿಯದು. ಬಾಯಿ ತುಂಬ ಜೊಲ್ಲು, ನೊರೆನೊರೆಯಾಗಿ ಸುರಿಯತೊಡಗಿತು. ಆಮೇಲೆ ವಾಂತಿ. ಬಚ್ಚಲುಮನೆಯ ನೆಲದ ಮೇಲೆ ಕುಳಿತು ಬಕೆಟ್ಟಿನ ಅಂಚು ಹಿಡಿದುಕೊಂಡಿದ್ದೆ. ಹೊಲಿಗೆ ಬಿಟ್ಟು ಸೋರಿದರೆ ಜೀವಕ್ಕೇ ಅಪಾಯ ಎಂದು ಹೇಳಿ ಕಳಿಸಿದ್ದರಲ್ಲ, ಅದೊಂದೇ ಮಾತು ತಲೆಯಲ್ಲಿ. ಅಂಧೇರಿಯ ಆಫೀಸಿನಲ್ಲಿದ್ದ ಮಗಳಿಗೆ ಫೋನು ಮಾಡಿದೆ. ಅವಳು ಹೇಗೆ ಬಂದಳೋ, ಅರ್ಧ ಗಂಟೆಯಲ್ಲಿ ಬಂದಳು. ಆಸ್ಪತ್ರೆಯಲ್ಲಿ ಬಣ್ಣದ ದ್ರವವೊಂದನ್ನು ಕುಡಿಸಿ ಚಿತ್ರ ತೆಗೆದರು. ಪುಣ್ಯಕ್ಕೆ ಎಲ್ಲೂ ಸೋರಿರಲಿಲ್ಲ. ಎರಡು ದಿನ ಮತ್ತೆ ಬರಿಯ ನೀರು, ತಿಳಿಸಾರು ಎಂದು ಕಳಿಸಿದರು.

ಟ್ಯಾಕ್ಸಿಯಲ್ಲಿ ಅವಳು ಮಾತಾಡಲಿಲ್ಲ. ಎರಡು ಮಹಡಿ ಹತ್ತಿ, ಬಾಗಿಲು ಹಾಕಿದ ಮೇಲೆ ಕೇಳಿದಳು. "ಅಜ್ಜಿ ಕಾಲು ನನಗೆ ನೆನಪಿದೆ ಅಮ್ಮ. ನಿನಗೆ ನೆನಪಿಲ್ವಾ?" ಬೈದಿದ್ದರೆ ಸಹಿಸುತ್ತಿದ್ದೆ. ನಾನು, "ನನ್ನಿಂದ ಆಗುವುದಿಲ್ಲ. ಆ ಹಿಟ್ಟು ಹಿಟ್ಟಾದದ್ದು ಗಂಟಲಲ್ಲಿ ಇಳಿಯುವುದಿಲ್ಲ" ಎಂದೆ. ಐವತ್ಮೂರು ವರ್ಷದವಳು ಐದು ವರ್ಷದವಳ ಹಾಗೆ ಅತ್ತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಲಿಸ್ಟ್ ನಮ್ಮದಲ್ಲ. ನಮ್ಮ ಕಡೆ ಹುಷಾರಿಲ್ಲದವರು ಏನು ತಿಂತಾರೆ?" ಎಂದಳು. ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿತ್ತು, ಅದಕ್ಕೇ ಕೊಡಲಿಲ್ಲ.

ಅವಳು ಕುಂದಾಪುರದ ದೊಡ್ಡಮ್ಮನಿಗೆ, ಅಂದರೆ ನನ್ನ ಓರಗಿತ್ತಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕನಿಗೆ ಆ ದಿನ ನಿಜ ಹೇಳಬೇಕಾಯಿತು. ಮನೆಯ ಹೊರಗೆ ನಿಜ ತಿಳಿದ ಮೊದಲನೆಯವರು ಅವರು. ಅಯ್ಯೋ ದೇವರೇ ಎನ್ನಲಿಲ್ಲ, ಯಾಕೆ ಮಾಡಿಸಿಕೊಂಡಳು ಎನ್ನಲಿಲ್ಲ. ನೇರ ಗಂಜಿಗೆ ಬಂದರು. ಮಗಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ನಡುವೆ ಫೋನು ಕಿವಿಯಿಂದ ತೆಗೆದು, "ಅಮ್ಮ, ಒಂದು ಹಿಡಿ ಅಕ್ಕಿಗೆ ಎರಡು ಹಿಡಿ ಹೆಸರು ಹಾಕು ಅಂತಿದ್ದಾರೆ. ಯಾರ ಹೆಸರು?" ಎಂದಳು. ಚಕ್ಕುಲಿಯ ಆ ದಿನ ನಾನು ನಕ್ಕದ್ದು ಅದೊಂದಕ್ಕೇ. ಹೊಲಿಗೆ ಎಳೆದು ನೋಯುವಷ್ಟು ನಕ್ಕೆ.

ಅಕ್ಕ ಹೇಳಿದ್ದು ಇಷ್ಟು. ಕುಚ್ಚಲಕ್ಕಿ ಒಂದು ಹಿಡಿ, ಹೆಸರುಬೇಳೆ ಎರಡು ಹಿಡಿ, ಅಕ್ಕಿಯನ್ನು ರಾತ್ರಿಯೇ ನೆನೆಹಾಕಬೇಕು. ಕಾಲು ಚಮಚ ಜೀರಿಗೆ, ಒಂದು ಎಸಳು ಬೆಳ್ಳುಳ್ಳಿ. ಧಾರಾಳ ನೀರಿಟ್ಟು ಅಕ್ಕಿ ಒಡೆದು ಅರಳುವವರೆಗೆ ಬೇಯಿಸಿ, ಕಡಗೋಲಿನಿಂದ ಕಡೆದು, ಸೋಸಿ, ಉಪ್ಪು ಹಾಕುವುದು. ಆಹಾರತಜ್ಞೆಯನ್ನು ಕೇಳಿದಾಗ, ಬರಿಯ ಅನ್ನದ ಗಂಜಿಯಾದರೆ ಹೊಟ್ಟೆಯ ಜಾಗ ಸುಮ್ಮನೆ ತುಂಬುತ್ತದೆ, ಬೇಳೆ ಹೆಚ್ಚಿದ್ದರೆ ಆಗಬಹುದು ಎಂದರು. ಹುರುಳಿ ಬೇಯಿಸಿದ ಸಾರಿನ ಕಟ್ಟನ್ನೂ ಸೇರಿಸಿ ಎಂದರು. ಕಡಗೋಲು ನಮ್ಮ ಮನೆಯಲ್ಲಿರಲಿಲ್ಲ, ಸೌಟಿನ ಬೆನ್ನೇ ಸಾಕಾಯಿತು. ಕುಚ್ಚಲಕ್ಕಿಗೆ ಮಾಟುಂಗದ ಕಡೆಗೆ ಇವರೇ ಹೋದರು, ಅಲ್ಲಿ ನಮ್ಮೂರಿನ ಸಾಮಾನು ಮಾರುವ ಅಂಗಡಿಗಳಿವೆ.

ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿ ಅಜ್ಜಿಯ ಮನೆ ಕಂಡೆ, ಅಮೃತವೆನ್ನಿಸಿತು ಎಂದೆಲ್ಲ ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅದು ಜಾರಿತು, ಹಿಂದೆ ಹೇಗೆ ಜಾರುತ್ತಿತ್ತೋ ಹಾಗೆಯೇ. ಆದರೆ ವೆನಿಲ್ಲಾದ ವಾಸನೆ ಇರಲಿಲ್ಲ; ಬಿಸಿಯಿತ್ತು, ಉಪ್ಪಿತ್ತು, ಮತ್ತು ಇಳಿದದ್ದು ಒಳಗೆ ನಿಂತಿತು. ಚಮಚದ ತುದಿಯನ್ನು ಮಾವಿನ ಮಿಡಿಯ ಉಪ್ಪುನೀರಿಗೆ ಒಮ್ಮೆ ಮುಟ್ಟಿಸಿಕೊಂಡರೆ ಎರಡು ಚಮಚ ಗಂಜಿ ಹೋಗುತ್ತಿತ್ತು. ಮಗಳು ಎದುರು ಕುಳಿತು ಲೆಕ್ಕ ಇಡುತ್ತಿದ್ದಳು. ಆ ದಿನ ಐದು ಚಮಚ.

ಮುಂದಿನ ಎರಡು ವಾರ ನನ್ನ ಬಾಯಿಯ ಗುಣವನ್ನು ಕಲಿಯುವುದೇ ಕೆಲಸವಾಯಿತು. ಐವತ್ತು ವರ್ಷ ಹೊತ್ತು ತಿರುಗಿದ ಬಾಯಿ, ಅದಕ್ಕೆ ಏನು ಆಗುವುದಿಲ್ಲ ಎಂದು ಮಾತ್ರ ಗೊತ್ತಿತ್ತು, ಯಾಕೆ ಆಗುವುದಿಲ್ಲ ಎಂದು ಕೇಳಿರಲಿಲ್ಲ. ಬೆರಕೆ ಮಾಡಿದ್ದು ಆಗುತ್ತಿರಲಿಲ್ಲ; ಬೇಳೆ ಒಂದು ಬಟ್ಟಲಲ್ಲಿ, ತರಕಾರಿ ಇನ್ನೊಂದರಲ್ಲಿ ಬೇರೆ ಬೇರೆ ಇಟ್ಟರೆ ಆಗುತ್ತಿತ್ತು. ಉಗುರುಬೆಚ್ಚಗಿನದ್ದು ಆಗುತ್ತಿರಲಿಲ್ಲ, ಚೆನ್ನಾಗಿ ಬಿಸಿ ಅಥವಾ ಚೆನ್ನಾಗಿ ತಣ್ಣಗಿದ್ದರೆ ಆಗುತ್ತಿತ್ತು. ಮೊಸರು ಬೇಡ, ಆದರೆ ಒಂದೆಲಗದ ತಂಬುಳಿ ಸರಿ. ಸಿಹಿಯಾದ ಮೆತ್ತಗಿನದ್ದು ಎಂದೂ ಬೇಡ, ಉಪ್ಪು ಹುಳಿಯದ್ದಾದರೆ ನೋಡೋಣ. ಪರಿಮಳವಿಲ್ಲದ ವೇ ಪುಡಿ ಸಿಗುತ್ತದೆಂದು ತಿಳಿದು, ಅದನ್ನು ರಾಗಿ ಅಂಬಲಿಗೆ, ಮಜ್ಜಿಗೆಗೆ ಕಲಸಿಕೊಂಡೆ. ಅದನ್ನು ಕುದಿಯುವುದಕ್ಕೆ ಹಾಕಿದರೆ ಗಂಟುಗಂಟಾಗುತ್ತದೆ, ಆರಿದ ಮೇಲೆ ಹಾಕಬೇಕು. ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ, ಎರಡು ಪಾತ್ರೆ ಅಂಬಲಿ ಚೆಲ್ಲಿ ಕಲಿತೆ.

ಆಮೇಲೆ ಬೊಂಬಿಲ್. ಬಾಂದ್ರಾದವರಿಗೆ ಬೊಂಬಿಲ್ ಪರಿಚಯ ಮಾಡಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬಾಂಬೆ ಡಕ್ ಎನ್ನುತ್ತಾರೆ, ಬಾತುಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಹಸಿಯಾಗಿದ್ದಾಗ ಅದು ಬಹುಪಾಲು ನೀರೇ, ಕೈಯಲ್ಲಿ ಹಿಡಿದರೆ ಜಾರುವ ಮುದ್ದೆ. ಖಾರ್ ದಾಂಡಾದ ಕೋಳಿಗಳು ಬಿದಿರಿನ ಅಡ್ಡೆಗೆ ಹಾಕಿ ಒಣಗಿಸುವುದು ಅದಕ್ಕೇ. ನಾನು ಮೂವತ್ತು ವರ್ಷ ಅದನ್ನು ಭಾರದ ಕಲ್ಲಿನಡಿ ಒತ್ತಿ ನೀರು ತೆಗೆದು, ರವೆ ಹಚ್ಚಿ, ಕೋಲಿನ ಹಾಗೆ ಹುರಿದೇ ತಿಂದವಳು. ಮಾರುಕಟ್ಟೆಯ ಮೀನಿನ ಮಾವಶಿ, "ಎಷ್ಟು ದಿನವಾಯಿತು, ಎಲ್ಲಿ ಹೋಗಿದ್ದೆ?" ಎಂದು ಮರಾಠಿಯಲ್ಲಿ ಕೇಳಿದಾಗ, ಯಾಕೋ ಅವಳಿಗೆ ನಿಜ ಹೇಳಿಬಿಟ್ಟೆ. ಬೇಕಾದವರಿಗೆ ಹೇಳಲಾಗದ್ದನ್ನು ಮೀನಿನವಳಿಗೆ ಹೇಳುವುದು ಸುಲಭ, ನೋಡಿ. ಅವಳು ನಕ್ಕು, "ಹಲ್ಲಿಲ್ಲದ ಮುದುಕಿಯರು ಇದನ್ನು ತಿಂದೇ ಬದುಕುವುದು. ಹುರಿಯಬೇಡ. ಅರಿಸಿನ, ಉಪ್ಪು, ಎರಡು ಕೋಕಂ ಹಾಕಿ ಒಂದು ಕುದಿ ಬರಿಸು, ಅಷ್ಟೇ" ಎಂದು ಎರಡು ಬೊಂಬಿಲ್ ತಾನೇ ಶುಚಿಮಾಡಿ ಕೊಟ್ಟಳು. ಮೆತ್ತಗಿನ ವಸ್ತುಗಳಲ್ಲಿ ನಾನು ಬಲವಂತವಿಲ್ಲದೆ ತಿಂದ ಮೊದಲನೆಯದು ಅದು. ಹುಳಿಯ ಗುಣವೋ ಉಪ್ಪಿನ ಗುಣವೋ, ಇನ್ನೊಂದು ಚಮಚ ಬೇಕೆನ್ನಿಸಿತು. ಹೊಟ್ಟೆ ಬೇಡವೆಂದಿತು. ಬಟ್ಟಲು ಹಿಡಿದು ಕೂತವಳಿಗೆ ಆಗ ಆ ಅನಾಥ ಹುಡುಗ ನೆನಪಾದ.

ಮೂರನೆಯ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿತು. ಇಂಥ ಶಸ್ತ್ರಚಿಕಿತ್ಸೆಯ ನಂತರ ಹಾಗಾಗುವುದು ಸಾಮಾನ್ಯ, ಮತ್ತೆ ಬರುತ್ತದೆ; ನನಗೂ ಬಂತು. ಅದಕ್ಕಿಂತ ಕಷ್ಟವಾದದ್ದು ನಮ್ಮವರ ಉಪಚಾರ. "ಇಷ್ಟೇನಾ ತಿನ್ನುವುದು? ನಮ್ಮ ಮನೆಯ ಊಟ ಹಿಡಿಸಲಿಲ್ಲವೇ?" ಎಂದು ಸೌಟು ಹಿಡಿದು ನಿಲ್ಲುತ್ತಾರೆ. ಪ್ರೀತಿಯಿಂದಲೇ. ಒಂದು ಸೌಟು ಹೆಚ್ಚಾದರೆ ನಾನು ಅವರದೇ ಬಚ್ಚಲುಮನೆಗೆ ಓಡಬೇಕು. ನಾನೂ ಮೂವತ್ತು ವರ್ಷ ಹಾಗೆಯೇ ಎಷ್ಟು ಜನರ ತಟ್ಟೆಗೆ ಬಡಿಸಿದ್ದೇನೋ.

ನಿಮಗೆ ಲೆಕ್ಕ ಬೇಕಲ್ಲವೇ? 104 ಇದ್ದದ್ದು ಒಂದೂವರೆ ವರ್ಷದಲ್ಲಿ 69ಕ್ಕೆ ಇಳಿಯಿತು, ಆಮೇಲೆ ಮೂರು ಕಿಲೋ ಮರಳಿ ಬಂತು. ಸಕ್ಕರೆಗೆ ನಾಲ್ಕು ಮಾತ್ರೆ ಇದ್ದದ್ದು ಒಂದಾಗಿದೆ. ಕಾಯಿಲೆ ಹೋಯಿತೆಂದು ನಾನು ಹೇಳುವುದಿಲ್ಲ, ಡಾಕ್ಟರರೂ ಹೇಳಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಬದುಕಿರುವವರೆಗೂ ತಪ್ಪಿದ್ದಲ್ಲ. ಬೇಕರಿಯ ಮೆತ್ತಗಿನ ಪಾವ್ ಇವತ್ತಿಗೂ ಅಂಟಿಕೊಂಡು ಎದೆಯಲ್ಲೇ ನಿಲ್ಲುತ್ತದೆ. 2025ರಲ್ಲಿ ತೂಕ ಇಳಿಸುವ ವಾರಕ್ಕೊಂದು ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದ ಮೇಲೆ ಕೆಲವರು, "ಸ್ವಲ್ಪ ಕಾದಿದ್ದರೆ ಆಗುತ್ತಿತ್ತಲ್ಲ" ಎಂದರು. ಇರಬಹುದು. 2022ರಲ್ಲಿ ನನ್ನ ಮುಂದಿದ್ದದ್ದು ಅಮ್ಮನ ಕಾಲು.

"ಸುಲಭದ ದಾರಿ ಹಿಡಿದರು, ಬಾಯಿ ಕಟ್ಟಲಾರದೆ ಹೊಟ್ಟೆ ಕತ್ತರಿಸಿಕೊಂಡರು" ಎಂದು ಬೇರೊಬ್ಬರ ಬಗ್ಗೆ ನಮ್ಮ ಕೂಟದಲ್ಲೇ ಮಾತು ಕೇಳಿದ್ದೇನೆ. ನಾನು ಸುಳ್ಳು ಹೇಳಿದ್ದು ಆ ಮಾತಿಗೆ ಹೆದರಿ. ಇನ್ನು ಮುಂದೆ ಕೇಳಿದವರಿಗೆ ಈ ಸಂಚಿಕೆಯನ್ನೇ ಕೊಟ್ಟುಬಿಡುತ್ತೇನೆ.

ಆ ಹುಡುಗಿಗೆ ಮರುವಾರವೇ ಫೋನು ಮಾಡಿದೆ. ಅಮ್ಮನಿಗೆ ಅವರ ಹಳೆಯ ತಟ್ಟೆಯಲ್ಲಿ ಬಡಿಸಬೇಡ, ನಾಲ್ಕು ಚಮಚ ಅದರಲ್ಲಿ ಕಾಣುವುದೇ ಇಲ್ಲ, ಪುಟ್ಟ ಬಟ್ಟಲು ಕೊಡು ಎಂದೆ. ವಾಂತಿಯಾದರೆ ಬಚ್ಚಿಡಲು ಬಿಡಬೇಡ. ಒಬ್ಬರನ್ನೇ ಉಣ್ಣಲು ಕೂರಿಸಬೇಡ, ಅರ್ಧ ಗಂಟೆ ಎದುರು ಕುಳಿತುಕೋ, ಮೊಬೈಲು ಇಲ್ಲದೆ. ಮೆತ್ತಗಿನದ್ದು ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಶಸ್ತ್ರಚಿಕಿತ್ಸೆಗೆ ಒಂದು ತಿಂಗಳ ಮೊದಲೇ ಒಂದೊಂದಾಗಿ ತಿನ್ನಿಸಿ ನೋಡಿಕೋ. ನಾವು ಮಾಡದೆ ಹೋದ ಕೆಲಸ ಅದು. ಅವಳು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. ಹೆಸರುಬೇಳೆ ಎಂದರೆ ಮೂಂಗ್ ದಾಲ್ ಎಂದು ಈ ಸಲ ನಾನೇ ಮೊದಲು ಹೇಳಿದೆ.

2025ರ ಜನವರಿಯಲ್ಲಿ ಅವಳ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. ನಾಲ್ಕನೆಯ ವಾರ ಒಂದು ಸಂಜೆ ನಾನು ಹಪ್ಪಳ ಕರಿಯುತ್ತಿದ್ದೆ, ಇವರಿಗಾಗಿ. ನನಗೆ ಒಂದು ನಾಣ್ಯದಷ್ಟು ಚೂರು, ಅದೂ ಈಗ ಆಗುತ್ತದೆ. ಫೋನು ಬಂತು. "ಆಂಟಿ, ಗಂಜಿ ಮಾಡಿದ್ದೀನಿ. ನೀವು ಹೇಳಿದ ಹಾಗೇ ಮಾಡಿದ್ದೀನಿ. ಮಮ್ಮಿ ಬಾಯೇ ತೆರೀತಿಲ್ಲ. ಇದೇನು ಹಿಟ್ಟು ಹಿಟ್ಟು ಅಂತ ಅಳ್ತಿದ್ದಾಳೆ."

ಒಲೆ ಆರಿಸಿದೆ. "ಫೋನು ಅವರ ಕೈಗೆ ಕೊಡು" ಎಂದೆ.